ಮಸ್ಕಿಯಿಂದ ಬಳ್ಳಾರಿಗೆ ಎಲೆಕ್ಟ್ರಿಕ್ ಕಾರು: ದಾರಿಯಲ್ಲಿ ಚಾರ್ಜ್ ಸಿಗುತ್ತಾ?

ಮಸ್ಕಿ ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ಮನೆ ಮಸ್ಕಿ, ಕೆಲಸ ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯೋದು. ದಿನಾ ಹೋಗಿ ಬರೋದು 60 ಕಿ.ಮೀ. ಒಳಗೆ. ಈಗಿರೋದು ಹಳೇ ಪೆಟ್ರೋಲ್ ಕಾರು. ಲೀಟರ್ ನೂರು ದಾಟಿದ ಮೇಲೆ ನನ್ನ ಸಂಬಳದಲ್ಲಿ ಬಂಕಿನವನಿಗೂ ಒಂದು ಪಾಲು ಅನ್ನೋ ಹಾಗಾಗಿದೆ.

ಗಂಗಾವತಿಯಲ್ಲಿ ಪರಿಚಯದವರು ತಮ್ಮ ಟಿಯಾಗೊ ಇವಿ ಮಾರ್ತಿದ್ದಾರೆ. 24 ಯೂನಿಟ್ ಬ್ಯಾಟರಿಯದ್ದು. ಎಸಿ ಹಾಕಿಕೊಂಡು ಓಡಿಸಿದರೂ 170–180 ಕಿ.ಮೀ. ಬರುತ್ತೆ ಅಂತಾರೆ. ದಿನದ ಓಡಾಟಕ್ಕೆ ಅದು ಸಾಕೋ ಸಾಕು. ನನ್ನ ತಲೆನೋವು ಬೇರೆ. ಅಮ್ಮನಿಗೆ ಮೊಣಕಾಲು ನೋವು, ತಿಂಗಳಿಗೊಮ್ಮೆಯಾದರೂ ಬಳ್ಳಾರಿಗೆ ಕರ್ಕೊಂಡು ಹೋಗ್ಬೇಕು. ಮಸ್ಕಿಯಿಂದ ಸಿಂಧನೂರು, ದಢೇಸೂಗೂರು ಸೇತುವೆ, ಸಿರುಗುಪ್ಪ, ತೆಕ್ಕಲಕೋಟೆ ಹಿಡಿದು ಹೋಗಿ ಬಂದರೆ ಸುಮಾರು 230 ಕಿ.ಮೀ. ಅಂದರೆ ಎಲ್ಲೋ ಒಂದು ಕಡೆ ಚಾರ್ಜ್ ಮಾಡಲೇಬೇಕು. ಬಸ್ಸಿನ ಮೆಟ್ಟಿಲು ಹತ್ತೋಕೆ ಆಗಲ್ಲ ಅಂತಲೇ ಕಾರಿನಲ್ಲಿ ಕರ್ಕೊಂಡು ಹೋಗೋದು. ಅಂಥವರನ್ನ ನಡುದಾರಿಯಲ್ಲಿ ಕೂರಿಸಿಕೊಂಡು ಕಾಯೋಕಾಗಲ್ಲ.

ಕೊಳ್ಳೋ ಮೊದಲು ನೋಡೋಣ ಅಂತ ಭಾನುವಾರ ಬೈಕ್ ತಗೊಂಡು ಹೊರಟೆ. ಆ್ಯಪ್‌ನಲ್ಲಿ ಹಸಿರು ಗುರುತು ತೋರಿಸ್ತಿದ್ದ ಒಂದು ಬಂಕಿಗೆ ಹೋದೆ (ಹೆಸರು ಬೇಡ). ಚಾರ್ಜರ್ ಏನೋ ಇದೆ. ಆದರೆ ಅದರ ಮುಂದಿನ ಕಾಂಕ್ರೀಟ್ ಮೇಲೆ ಯಾರೋ ಭತ್ತ ಹರವಿದ್ದರು. ಪೆಟ್ಟಿಗೆಗೆ ಅರ್ಧ ಫ್ಲೆಕ್ಸ್ ಸುತ್ತಿತ್ತು, ಸ್ಕ್ರೀನ್ ಕಪ್ಪು. ಪೆಟ್ರೋಲ್ ಹಾಕೋ ಹುಡುಗನ್ನ ಕೇಳಿದರೆ, "ಅದರ ಮೇನ್ ಆಫ್ ಮಾಡಿ ಹೋಗ್ಯಾರ್ರೀ, ಸಾಹೇಬ್ರು ಬಂದ್ರ ಹಾಕ್ತಾರ" ಅಂದ. ಸಾಹೇಬ್ರು ಯಾವಾಗ ಬರ್ತಾರೆ ಅಂದ್ರೆ, "ಅದು ಗೊತ್ತಿಲ್ರಿ."

ನಮ್ಮ ರಸ್ತೆಯಲ್ಲಿ ನಿಜವಾಗಿ ಓಡಾಡ್ತಿರೋರು ಹೇಳಿ. ತಗೊಳ್ಳಲಾ, ಇನ್ನೆರಡು ವರ್ಷ ಬಿಟ್ಟು ನೋಡಲಾ? ಮನೆಯಲ್ಲಿ ಚಾರ್ಜ್ ಮಾಡಿದ್ರೆ ಗೃಹಜ್ಯೋತಿ ಹೋಗುತ್ತೆ ಅಂತ ಮನೆಯವಳು ಬೇರೆ ಹೆದರಿಸ್ತಿದ್ದಾಳೆ.

ಎಡದಂಡೆ ರೈತ

ಶಕ್ತಿನಗರದಾಗ 1720 ಮೆಗಾವ್ಯಾಟ್, ಯರಮರಸ್‌ದಾಗ 1600, ಕುಡಿತಿನಿಯಾಗ 1700. ಕಲ್ಲಿದ್ದಲಿನ ಬೂದಿ ನಮಗ, ಕರೆಂಟು ಬೆಂಗಳೂರಿಗೆ. ಒಂದು ಚಾರ್ಜಿಂಗ್ ಗನ್ ನೆಟ್ಟಗ ನಡೆಸೋಕಾಗಲ್ಲ ಇವರಿಗೆ. ಡೀಸೆಲ್ ಗಾಡಿ ತಗೊಂಡು ಆರಾಮ ಇರ್ರಿ ಸರ್.

ವೈರಿಂಗ್ ಅಣ್ಣ, ಸಿಂಧನೂರು

ರೈತಣ್ಣನ ಸಿಟ್ಟು ಖರೇನ ಐತಿ, ಆದ್ರ ಲೆಕ್ಕದ ಸರ್‌ಗೆ ಅದರಿಂದ ಉಪಯೋಗ ಇಲ್ಲ.

ಸರ್, ಮನಿ ವೈರಿಂಗು, ಪಂಪ್‌ಸೆಟ್ಟು, ಮಿಲ್ಲಿನ ಪ್ಯಾನಲ್ ಬೋರ್ಡು ನನ್ನ ಕೆಲಸ. ಇತ್ತೀಚಿಗೆ ಕಾರಿನ ಚಾರ್ಜರ್ ಕೂಡ್ಸೋ ಕೆಲಸಾನೂ ಬರಾಕತ್ತೈತಿ. ನಾನೂ ಒಂದು ಎಲೆಕ್ಟ್ರಿಕ್ ಕಾರು ಇಟ್ಟೀನಿ. ಕಂಡದ್ದಷ್ಟ ಹೇಳ್ತೀನಿ.

ನಮ್ಮಂಥ ಊರಾಗ ಹೊರಗಿನ ಚಾರ್ಜರ್ ನಂಬಿ ಕಾರು ತಗೋಬ್ಯಾಡ್ರಿ, ಮನ್ಯಾಗಿನ 15 ಆಂಪ್ ಪ್ಲಗ್ ನಂಬಿ ತಗೋರಿ. ಯೂನಿಟ್‌ಗೆ ಏಳು ಕಿ.ಮೀ. ಹಿಡದ್ರ ನಿಮ್ಮ ದಿನದ ಓಡಾಟಕ್ಕ ಒಂಬತ್ತು ಯೂನಿಟ್ ಬೇಕು. ಆ ಪ್ಲಗ್ಗು ತಾಸಿಗೆ ಮೂರು ಯೂನಿಟ್ ಹತ್ತಿರ ಕೊಡ್ತೈತಿ. ರಾತ್ರಿ ಉಂಡು ಹಚ್ಚಿ ಮಲಗಿದ್ರ ಮುಂಜಾನಿಗೆ ತುಂಬಿರ್ತೈತಿ, ನಡುವ ಎರಡು ತಾಸು ಕರೆಂಟ್ ಹೋದ್ರೂ ಚಿಂತಿಲ್ಲ. ಬಂದ ಮ್ಯಾಲೆ ತಾನ ಮುಂದುವರೀತೈತಿ.

ಬಳ್ಳಾರಿ ಲೆಕ್ಕಾನೂ ಹಿಂಗ ಮಾಡ್ರಿ. 230 ಕಿ.ಮೀ. ದಾರಿ, 170 ಕಾರು ಕೊಡ್ತೈತಿ. ಕಡಿಮಿ ಬೀಳೋದು 60. ದವಾಖಾನಿಗೆ ಹೋದ್ರ ಚೀಟಿ, ಡಾಕ್ಟರು, ಎಕ್ಸ್‌ರೇ, ಊಟ ಅಂತ ನಾಕು ತಾಸು ಹೋಗೇ ಹೋಗ್ತೈತಿ. ಅಷ್ಟೊತ್ತು ಯಾವುದರ ಸಾದಾ 15 ಆಂಪ್ ಪ್ಲಗ್ ಸಿಕ್ರ 70 ಕಿ.ಮೀ. ಬಂತು. ಗಟ್ಟಿ ಮನಸ್ಸು ಬೇಕಂದ್ರ ಐದು ತಾಸು ಹಚ್ರಿ. ಬಳ್ಳಾರ್ಯಾಗ ಬೀಗರೋ ಗೆಳೆಯರೋ ಇದ್ದಾರಾ ನೋಡ್ರಿ. ಇಲ್ಲಾಂದ್ರ ಪಾರ್ಕಿಂಗ್ ಇರೋ ಲಾಡ್ಜಿಗೆ ಮೊದಲೇ ಫೋನ್ ಹಚ್ಚಿ ಕೇಳ್ರಿ, "ಪಾರ್ಕಿಂಗ್ ಹತ್ರ 15 ಆಂಪ್ ಪ್ಲಗ್ ಐತೇನ್ರಿ" ಅಂತ. ನೂರೈವತ್ತು ಇನ್ನೂರು ಕೊಟ್ರ ಬಹಳ ಮಂದಿ ಒಪ್ಪತಾರ. ಹಂಗ ಮಾಡಿದ್ರ ಹೆದ್ದಾರಿ ಚಾರ್ಜರ್ ಸಿಕ್ರ ಲಾಭ, ಸಿಗಲಿಲ್ಲಂದ್ರ ನಷ್ಟ ಇಲ್ಲ. ನಾನು ಓಡಾಡೋದು ಹಿಂಗ.

ಈಗ ಎಲ್ಲಾರೂ ಕೈಬಿಡೋ ವಿಷಯ: ಅರ್ಥಿಂಗು. ಮಿಕ್ಸರು, ಫ್ರಿಜ್ಜು ಅರ್ಥ್ ಇಲ್ದನೂ ನಡೀತಾವ. ಕಾರಿನ ಚಾರ್ಜರ್ ನಡಿಯಂಗಿಲ್ಲ. ಅದು ಮೊದಲು ಅರ್ಥ್ ಐತೋ ಇಲ್ಲೋ ನೋಡ್ತೈತಿ, ಇಲ್ಲಾಂದ್ರ ಕೆಂಪು ಲೈಟ್ ಹಚ್ಚಿ ಸುಮ್ಮನ ಕೂಡ್ತೈತಿ. ಹೋದ ಬ್ಯಾಸಗಿ ಜವಳಗೇರಾ ಕಡಿಂದ ಒಬ್ರು ರಾತ್ರಿ ಫೋನ್ ಮಾಡಿದ್ರು. "ಚಳಿಗಾಲದಾಗ ಚಲೋ ಇತ್ತು, ಈಗ ಚಾರ್ಜ ಆಗವಲ್ದು, ಶೋರೂಮಿನವ್ರು ಚಾರ್ಜರ್ ಬದಲಿ ಮಾಡಬೇಕು ಅಂತಾರ." ಮುಂಜಾನಿ ಹೋಗಿ ಮೀಟರ್ ಇಟ್ಟು ನೋಡಿದ್ರ ನ್ಯೂಟ್ರಲ್–ಅರ್ಥ್ ನಡುವ 28 ವೋಲ್ಟ್! ಅದು ಎರಡು ಮೂರರೊಳಗ ಇರಬೇಕು. ಅರ್ಥ್ ಗುಂಡಿ ಮುಚ್ಚಳ ತೆಗದೆ. ಎರಿ ಮಣ್ಣು ಬಿರುಕು ಬಿಟ್ಟು ಪೈಪಿನ ಸುತ್ತ ಬೆರಳು ಹೋಗುವಷ್ಟು ಸಂದು. ಪೈಪು ಗಾಳ್ಯಾಗ ನಿಂತಂಗ ನಿಂತಿತ್ತು. ಎರಡು ಕೊಡ ನೀರು ಹಾಕಿ ಚಾ ಕುಡಿಯೋದ್ರಾಗ ವೋಲ್ಟ್ ಇಳೀತು, ಹಸಿರು ಲೈಟ್ ಬಂತು. ಅದು ಆವತ್ತಿನ ಮಾತಾತು. ಆಮ್ಯಾಲೆ ಬಚ್ಚಲ ನೀರು ಹರಿಯೋ ಮಗ್ಗಲದಾಗ ಹೊಸಾ ಗುಂಡಿ ತೋಡಿ, ಎಂಟಡಿ ಜಿಐ ಪೈಪು, ಸುತ್ತ ಇದ್ದಿಲು, ಉಪ್ಪು ತುಂಬಿ ಕೊಟ್ಟೆ. ನಿಮ್ಮ ಮಸ್ಕಿ ಕಡೆ ಎರಿನೂ ಐತಿ, ಕಲ್ಲುನೂ ಐತಿ. ಕಲ್ಲಿದ್ದ ಕಡೆ ಒಂದು ಗುಂಡಿ ಸಾಲಲಿಕ್ಕಿಲ್ಲ, ಎರಡು ತೋಡಿ ಜೋಡಿಸಬೇಕಾಗ್ತೈತಿ.

ವೈರು ಮೀಟರ್ ಬೋರ್ಡಿನಿಂದ ನೇರ ಬರಬೇಕು, 4 ಸ್ಕ್ವೇರ್ ಎಂಎಂ ತಾಮ್ರದ್ದು. ಅದಕ್ಕ ಬ್ಯಾರೇನ 20 ಆಂಪ್ ಎಂಸಿಬಿ, ಒಂದು ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಲೈನ್ ಕಡಿಯೋ ಸ್ವಿಚ್ಚು). ಗೀಜರಿನ ಲೈನಿಗೆ ಕೂಡ್ಸಬ್ಯಾಡ್ರಿ. ಎಕ್ಸ್‌ಟೆನ್ಶನ್ ಬೋರ್ಡ್ ಅಂತೂ ಮುಟ್ಟಬ್ಯಾಡ್ರಿ. ಎಂಟು ತಾಸು ಬಿಡದೆ ಕರೆಂಟ್ ಎಳೀತೈತಿ ಸರ್, ಸ್ವಲ್ಪ ಲೂಸ್ ಇದ್ರೂ ಸಾಕೆಟ್ ಕರಗಿ ಪಿನ್ನು ಕರ್ರಗಾಗ್ತೈತಿ. ವಾರಕ್ಕೊಮ್ಮೆ ರಾತ್ರಿ ಎದ್ದಾಗ ಪ್ಲಗ್ ಮುಟ್ಟಿ ನೋಡ್ರಿ. ಬೆಚ್ಚಗಿದ್ರ ಪರವಾಗಿಲ್ಲ, ಕೈ ಸುಡ್ತಿದ್ರ ಬದಲಿ ಮಾಡಸ್ರಿ.

ಗೃಹಜ್ಯೋತಿ ವಿಷಯದಾಗ ಮನಿಯವರು ಹೇಳಿದ್ದ ಖರೆ. 200 ಯೂನಿಟ್ ದಾಟಿದ್ರ ಆ ತಿಂಗಳ ಪೂರಾ ಬಿಲ್ ಕಟ್ಟಬೇಕು. ನಿಮ್ಮ ಕಾರಿಗೇನ ತಿಂಗಳಿಗೆ 240–250 ಯೂನಿಟ್ ಬೇಕು. ಅದಕ್ಕ ಕಾರಿಗೆ ಬ್ಯಾರೆ ಮೀಟರ್ ತಗೋರಿ. ಇವಿ ಚಾರ್ಜಿಂಗಿಗೆ ಕೆಇಆರ್‌ಸಿ (ರಾಜ್ಯದಾಗ ಕರೆಂಟಿನ ದರ ಗೊತ್ತು ಮಾಡೋ ಆಯೋಗ) ಬ್ಯಾರೆ ದರಾನ ಇಟ್ಟೈತಿ, ಮನಿ ಆರ್‌ಆರ್ ನಂಬರ್ ಹಂಗ ಉಳೀತೈತಿ. ಜೆಸ್ಕಾಂ ಸೆಕ್ಷನ್ ಆಫೀಸಿನ್ಯಾಗ ಅರ್ಜಿ ಕೊಡ್ರಿ. "ಒಂದ ಮನಿಗೆ ಎರಡು ಮೀಟರ್ ಬರಂಗಿಲ್ಲ" ಅಂದ್ರ, 2024ರ ಫೆಬ್ರವರಿಯಾಗ ಕೇಂದ್ರ ಸರ್ಕಾರ ಗ್ರಾಹಕರ ಹಕ್ಕಿನ ನಿಯಮ ತಿದ್ದುಪಡಿ ಮಾಡೈತಿ, ಇವಿಗೆ ಬ್ಯಾರೆ ಕನೆಕ್ಷನ್ ಕೇಳಬಹುದು ಅಂತ ಅದರಾಗ ಐತಿ ಅಂತ ಹೇಳ್ರಿ. ಪುರಸಭೆ ಊರಿಗೆ ಹೊಸಾ ಕನೆಕ್ಷನ್ ಏಳು ದಿನದಾಗ, ಹಳ್ಳಿಗೆ ಹದಿನೈದು ದಿನದಾಗ ಕೊಡಬೇಕು ಅಂತಾನೂ ಐತಿ. ಜಗಳ ಬ್ಯಾಡ, ಪ್ರಿಂಟ್ ತಗೊಂಡು ಹೋಗಿ ಮೆತ್ತಗ ತೋರಸ್ರಿ. ಆ ಆಫೀಸಿನವ್ರೂ ಇಂಥ ಅರ್ಜಿ ನೋಡಿದ್ದು ಕಡಿಮಿ.

ಬ್ಯಾರೆ ಮೀಟರ್ ಬ್ಯಾಡ ಅಂದ್ರೂ ಲೆಕ್ಕ ನೀವ ಹಾಕ್ರಿ. ಯೂನಿಟ್‌ಗೆ ಆರು ರೂಪಾಯಿ ಹತ್ರ. ಕಾರಿಂದು ಸಾವಿರದೈನೂರು, ಮನಿದು ಏಳೆಂಟುನೂರು. ಈಗ ಪೆಟ್ರೋಲಿಗೆ ಎಷ್ಟು ಹಾಕ್ತೀರಿ?

ಕೊಪ್ಪಳದ ಅಕ್ಕ

ನಾನು ಸ್ಕೂಟರ್‌ನವಳು, ಕಾರಿನ ವಿಷಯ ಗೊತ್ತಿಲ್ಲ. ಆದರೆ ಗೃಹಜ್ಯೋತಿ ಬಗ್ಗೆ ಒಂದು ಮಾತು ಸೇರಿಸ್ತೀನಿ. 200 ಅಂದರೆ ಎಲ್ಲರಿಗೂ 200 ಅಲ್ಲ. ಹಿಂದಿನ ಸರಾಸರಿಗೆ ಸ್ವಲ್ಪ ಸೇರಿಸಿ ನಿಮ್ಮ ಮಿತಿ ಹಾಕಿರ್ತಾರೆ. ನಮ್ಮ ಮಿತಿ ಬಹಳ ಕಡಿಮೆ. ಸ್ಕೂಟರ್ ಬಂದ ಮೇಲೆ ಅದನ್ನ ದಾಟ್ತೀವಿ, ಆದರೆ 200ರ ಒಳಗೇ ಇರೋದರಿಂದ ದಾಟಿದಷ್ಟಕ್ಕೆ ಮಾತ್ರ ಕಟ್ತೀವಿ. ಸ್ಕೂಟರ್ ಫುಲ್ ಮಾಡೋಕೆ ಮೂರು–ನಾಲ್ಕು ಯೂನಿಟ್ ಅಷ್ಟೇ.

ನಮ್ಮ ಕಷ್ಟ ಮನೆ ಓನರ್ ಅಜ್ಜ. ಬಾಡಿಗೆಗೆ ಮೇಲಿನ ಮನೆ, ಗಾಡಿ ನಿಲ್ಲೋದು ಕೆಳಗೆ, ಕೆಳಗಿನ ಪ್ಲಗ್ ಅವರ ಮೀಟರಿನದು. ಮೊದಲು "ಬ್ಯಾಟರಿ ಸಿಡೀತದ, ನಮ್ಮ ಮನಿ ಮುಂದ ಬ್ಯಾಡ" ಅಂದರು. ಅದು ಮುಗೀತು ಅನ್ನುವಾಗ "ನಮ್ಮ ಫ್ರೀ ಕರೆಂಟ್ ಹೋಗ್ತದ" ಶುರುವಾಯ್ತು. ಕೊನೆಗೆ ನಮ್ಮ ಮೇಲಿನ ಮೀಟರಿನಿಂದ ಗೋಡೆ ಗುಂಟ ಪೈಪ್ ಹಾಕಿಸಿ ಕೆಳಗೆ ಒಂದು ಪ್ಲಗ್ ಇಳಿಸಿ, ಅದಕ್ಕೆ ಬೀಗ ಇರೋ ಡಬ್ಬಿ ಹಾಕಿಸಿದೆ. ಖರ್ಚು ನಂದೇ. ಈಗ ಅಜ್ಜನ ಮೊಮ್ಮಗನೂ ಸ್ಕೂಟರ್ ತಂದಿದ್ದಾನೆ, ಡಬ್ಬಿಯ ಚಾವಿ ಕೇಳ್ತಾನೆ!

ಮಸ್ಕಿ ಲೆಕ್ಕಿಗ

ಅಣ್ಣಾರೆ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಪೆಟ್ರೋಲಿಗೆ ತಿಂಗಳಿಗೆ ಒಂಬತ್ತು ಸಾವಿರದ ಹತ್ತಿರ ಹೋಗ್ತಿದೆ. ಮನೆಯವಳಿಗೆ ನಿಮ್ಮ ಲೆಕ್ಕ ಓದಿ ಹೇಳಿದೆ, ಸುಮ್ಮನಾದಳು.

ಆದರೂ ಹೆದ್ದಾರಿ ಚಾರ್ಜರ್ ಬಗ್ಗೆ ಇನ್ನೊಂದಿಷ್ಟು ಹೇಳಿ. ಬಳ್ಳಾರಿ ದಾಟಿ ಹೋಗಬೇಕಾದರೆ ಹೇಗೂ ಅದನ್ನೇ ನಂಬಬೇಕಲ್ಲ. ಹೆದ್ದಾರಿಯಲ್ಲಿ ಪ್ರತಿ 25 ಕಿ.ಮೀ.ಗೆ ಒಂದು ಇರಬೇಕು ಅಂತ ಸರ್ಕಾರದ ನಿಯಮ ಇದೆ ಅಂತ ಓದಿದ್ದೆ, ನಮ್ಮದು ರಾಷ್ಟ್ರೀಯ ಹೆದ್ದಾರಿ 150ಎ ತಾನೇ?

ವೈರಿಂಗ್ ಅಣ್ಣ, ಸಿಂಧನೂರು

ಹೌದು ಸರ್, 150ಎ. ಜೇವರ್ಗಿಯಿಂದ ಚಾಮರಾಜನಗರ ಮಟ ಹೋಗೋದು. 25 ಕಿ.ಮೀ. ಅನ್ನೋದು 2022ರ ಜನವರಿ ಮಾರ್ಗಸೂಚಿಯಾಗ ಇತ್ತು, ರಸ್ತೆ ಎರಡೂ ಬದಿಗೆ ಅಂತ. ಊರಾಗ ಮೂರು ಕಿ.ಮೀ. ಚೌಕಕ್ಕ ಒಂದು ಅಂತಾನೂ ಇತ್ತು. 2024ರಾಗ ಅದನ್ನ ಬದಲಿ ಮಾಡ್ಯಾರ. ಮಾರ್ಗಸೂಚಿ ಅಂದ್ರ ಹಿಂಗಾದ್ರ ಚಲೋ ಅನ್ನೋದು ಅಷ್ಟ. ಹಾಕಲಿಲ್ಲಂದ್ರ ಯಾರನ್ನೂ ಹಿಡಿದು ಕೇಳೋಕಾಗಂಗಿಲ್ಲ. ಹಾಕೋರು ಗಾಡಿ ಇಲ್ಲ ಅಂತಾರ, ತಗೊಳ್ಳೋರು ಚಾರ್ಜರ್ ಇಲ್ಲ ಅಂತಾರ. ಹೊಸಪೇಟೆ–ಕುಷ್ಟಗಿ ಕಡೆ 50ನೇ ಹೆದ್ದಾರ್ಯಾಗ ದೂರದ ಗಾಡಿ ಜಾಸ್ತಿ, ಅಲ್ಲಿ ಪರಿಸ್ಥಿತಿ ನಮಗಿಂತ ವಾಸಿ.

ಆ್ಯಪಿನ ಹಸಿರು ಗುರುತು ನಂಬಬ್ಯಾಡ್ರಿ. ಪ್ಲಗ್‌ಶೇರ್ ಅನ್ನೋ ಆ್ಯಪಿನ್ಯಾಗ ಚಾರ್ಜರ್ ಬಗ್ಗೆ ಮಂದಿ ಬರದಿದ್ದು ಓದ್ರಿ. "ಮೊನ್ನೆ ಚಾರ್ಜ್ ಮಾಡಿದೆ" ಅಂತ ಯಾರರ ಬರದಿದ್ರ ಹೋಗ್ರಿ, ಆರು ತಿಂಗಳಿಂದ ಯಾರೂ ಬರದಿಲ್ಲ ಅಂದ್ರ ಬಿಡ್ರಿ. ಗನ್ ಸಿಸಿಎಸ್2 (ನಿಮ್ಮ ಕಾರಿಗೆ ಕೂಡೋ ನಮೂನಿ) ಐತೇನು ನೋಡ್ರಿ. ಶುರುವಿನಾಗ ಹಾಕಿದ ಕೆಲವು ಕಡೆ ಜಿಬಿ/ಟಿ ಗನ್ ಅದಾವ, ಅವು ನಿಮ್ಮ ಕಾರಿಗೆ ಕೂಡಂಗಿಲ್ಲ. ಎರಡು ಗನ್ನಿನ 60 ಕಿಲೋವ್ಯಾಟ್ ಅಂತ ಬರದಿದ್ರ, ಮಗ್ಗಲದಾಗ ಇನ್ನೊಂದು ಗಾಡಿ ಹಚ್ಚಿದ್ರ ಅರ್ಧರ್ಧ ಹಂಚ್ತೈತಿ. ಬಂಕಿನ ನಂಬರ್ ಹುಡುಕಿ ಹೊರಡೋ ಮೊದಲ ಫೋನ್ ಹಚ್ರಿ. ಆ್ಯಪಿನ ವಾಲೆಟ್ಟಿಗೆ ಮನ್ಯಾಗ ಇದ್ದಾಗ ರೊಕ್ಕ ಹಾಕಿ ಇಡ್ರಿ, ಅಲ್ಲಿ ನಿಂತು ಓಟಿಪಿ ಕಾಯೋದು ಬ್ಯಾಸರದ ಕೆಲಸ. ದರ ಜಿಎಸ್‌ಟಿ ಸೇರಿ ಯೂನಿಟ್‌ಗೆ 20 ರೂಪಾಯಿ ಆಚೀಚಿ, ಮನಿಗಿಂತ ಮೂರು ಪಟ್ಟು. ಅದಕ್ಕ ಅಲ್ಲಿ ತುಂಬ ಮಾಡಬ್ಯಾಡ್ರಿ. ಹೆಂಗೂ 80 ಪರ್ಸೆಂಟ್ ಆದ ಮ್ಯಾಲೆ ನಿಧಾನ ಆಗ್ತೈತಿ. ಊರು ಮುಟ್ಟೋವಷ್ಟು ತಗೊಂಡು ಬಿಡ್ರಿ.

ಒಂದು ಗುಟ್ಟು. ಚಾರ್ಜರ್ ಬಂದ್ ಐತಿ ಅಂತ ತಿರುಗಿ ಬರೋ ಮೊದಲು ಪೆಟ್ಟಿಗಿ ಮ್ಯಾಲಿನ ಕೆಂಪು ಅಣಬಿಯಂಥ ಬಟನ್ ನೋಡ್ರಿ. ಅದು ಎಮರ್ಜೆನ್ಸಿ ಸ್ಟಾಪ್. ಹುಡುಗರು ಆಟಕ್ಕ ಒತ್ತಿ ಹೋಗಿರ್ತಾರ, ಒಳಗ ಸಿಕ್ಕೊಂಡಿರ್ತೈತಿ. ಬಾಣದ ಗುರುತಿನ ಕಡೆ ತಿರುವಿದ್ರ ಟಕ್ ಅಂತ ಹೊರಗ ಬರ್ತೈತಿ, ಎರಡು ನಿಮಿಷದಾಗ ಸ್ಕ್ರೀನ್ ಜೀವ ಹಿಡೀತೈತಿ. ಬಂಕಿನ ಹುಡುಗರಿಗೆ ಇದು ಯಾರೂ ಹೇಳಿಕೊಟ್ಟಿರಂಗಿಲ್ಲ, ಅವರನ್ನ ಬೈದ್ರ ಏನೂ ಬರಂಗಿಲ್ಲ. ಖರೇನ ಸುಟ್ಟ ವಾಸನಿ ಬಂದ್ರ, ಕೇಬಲ್ ಹರದಿದ್ರ ಮಾತ್ರ ಮುಟ್ಟಬ್ಯಾಡ್ರಿ.

ಏಪ್ರಿಲ್–ಮೇದಾಗ ನಡು ಮಧ್ಯಾಹ್ನ ಹೋಗಬ್ಯಾಡ್ರಿ. 42–43 ಡಿಗ್ರಿ ಬಿಸಲಾಗ ಚಾರ್ಜರ್ರೂ ಕಾಯ್ತೈತಿ, ಬ್ಯಾಟರಿನೂ ಕಾಯ್ತೈತಿ, ಎರಡೂ ತಮ್ಮ ವೇಗ ತಾವ ಇಳಿಸ್ಕೋತಾವ. ಮುಂಜಾನಿ ಹತ್ತರೊಳಗ, ಇಲ್ಲಾ ಹೊತ್ತು ಮುಳುಗಿದ ಮ್ಯಾಲೆ ಚಲೋ.

ಸಿರುಗುಪ್ಪ ರೋಡ್ ಖಾನಾವಳಿ

ಇದನ್ನೆಲ್ಲಾ ಓದಿ ನಾನೂ ಒಂದು ಕೇಳ್ತೀನಿ. ನಮ್ಮದು ರೋಡಿಗೆ ಹತ್ತಿದ ಖಾನಾವಳಿ, ಹಿಂದ ಗಾಡಿ ನಿಲ್ಲೋಕೆ ಜಾಗ ಐತಿ. ಮೊನ್ನೆ ಬೆಂಗಳೂರು ಕಡೆಯವರು ಹಂಪಿ ನೋಡ್ಕೊಂಡು ಬಂದು, ಊಟ ಮಾಡೋ ಮಟ ಪ್ಲಗ್ ಕೊಡ್ರಿ ಅಂದ್ರು. ಫ್ರೀಜರಿಂದ ಪ್ಲಗ್ ತೆಗೆದು ಕೊಟ್ವಿ, ನೂರು ರೂಪಾಯಿ ಕೊಟ್ಟು ಹೋದ್ರು. ಇದನ್ನ ಖಾಯಂ ಮಾಡಬಹುದಾ? ಕರೆಂಟ್ ಮಾರಿದಂಗ ಆಗ್ತದ, ಲೈಸೆನ್ಸ್ ಬೇಕು ಅಂತ ತಮ್ಮ ಹೆದರಸ್ತಾನ.

ವೈರಿಂಗ್ ಅಣ್ಣ, ಸಿಂಧನೂರು

ಲೈಸೆನ್ಸ್ ಬ್ಯಾಡ್ರಿ ಯಜಮಾನ್ರ. ಗಾಡಿ ಚಾರ್ಜ್ ಮಾಡಿಕೊಡೋದು ಸೇವೆ, ಕರೆಂಟ್ ಮಾರಾಟ ಅಲ್ಲ ಅಂತ ಕೇಂದ್ರ ಇಂಧನ ಸಚಿವಾಲಯ 2018ರ ಏಪ್ರಿಲ್‌ನಾಗ ಸ್ಪಷ್ಟ ಮಾಡೈತಿ. ಲಕ್ಷಗಟ್ಟಲೆ ಹಾಕಿ ದೊಡ್ಡ ಚಾರ್ಜರ್ ತರೋಕೆ ಈಗ ಹೋಗಬ್ಯಾಡ್ರಿ, ದಿನಕ್ಕ ಒಂದು ಗಾಡಿನೂ ಬರಲಿಕ್ಕಿಲ್ಲ. ಎರಡು 15 ಆಂಪ್ ಪ್ಲಗ್, ಒಂದೊಂದಕ್ಕ ಸಬ್‌ಮೀಟರ್, ಚಲೋ ಅರ್ಥಿಂಗು, ಮ್ಯಾಲೆ ತಗಡಿನ ನೆರಳು. ಇಷ್ಟ ಸಾಕು. ಮಂಜೂರಾದ ಲೋಡ್ ಎಷ್ಟೈತಿ ಬಿಲ್ಲಿನ್ಯಾಗ ನೋಡ್ರಿ, ಆರೇಳು ಕಿಲೋವ್ಯಾಟ್ ಜಾಸ್ತಿ ಮಾಡಸಬೇಕಾಗ್ತೈತಿ, ಯಾವ ದರ ಅಂತಾನೂ ಸೆಕ್ಷನ್ ಆಫೀಸಿನ್ಯಾಗ ಕೇಳ್ರಿ. ಫ್ರೀಜರ್ ಪ್ಲಗ್ ಮಾತ್ರ ಇನ್ನೊಮ್ಮೆ ಕೊಡಬ್ಯಾಡ್ರಿ.

ಲೆಕ್ಕದ ಸರ್, ಬಳ್ಳಾರಿ ದಾರ್ಯಾಗ ನಿಮಗ ಇಲ್ಲೇ ಒಂದು ಪ್ಲಗ್ ಹುಟ್ಟಿತಲ್ಲ.

ಮಸ್ಕಿ ಲೆಕ್ಕಿಗ

ಯಜಮಾನ್ರೇ, ಪ್ಲಗ್ ಹಾಕಿಸಿದ ದಿನ ಇಲ್ಲೇ ಒಂದು ಸಾಲು ಬರೀರಿ. ಅಮ್ಮ ಹೇಗೂ ಹಾದಿಯಲ್ಲಿ ರೊಟ್ಟಿ ಊಟ ಕೇಳ್ತಾರೆ. ನಾನು ಗುರುವಾರ ಗಂಗಾವತಿಗೆ ಹೋಗಿ ಕಾರು ಓಡಿಸಿ ನೋಡ್ತೀನಿ. ಅಣ್ಣಾರೆ, ಅದಕ್ಕೂ ಮೊದಲು ಮಸ್ಕಿಗೆ ಬಂದು ಅರ್ಥ್ ಗುಂಡಿ ಒಂದು ನೋಡಿ ಹೋಗ್ತೀರಾ?

ಸಿರುಗುಪ್ಪ ರೋಡ್ ಖಾನಾವಳಿ

ಬರೀತೀನಿ ಸರ್. ಆದ್ರ ಬರೋ ಮುಂಚೆ ಫೋನ್ ಮಾಡ್ರಿ. ಮದುವಿ ಸೀಸನ್‌ನ್ಯಾಗ ಆ ಜಾಗದಾಗ ಜನರೇಟರ್ ಗಾಡಿ ನಿಂತಿರ್ತದ.